ನಾಲ್ಕು ಪಟ್ಟಿ, ಒಂದೇ ನಾಡಿ

ಮೈಗೆ ಜ್ವರ ಬಂದರೆ ಅಳೆಯಲು ಥರ್ಮಾಮೀಟರ್ ಇದೆ. ಮನಸ್ಸಿಗೆ ಬರುವ ಜ್ವರವನ್ನು, ಅದು ಬರುವ ಒಂದು ತಿಂಗಳು ಮೊದಲೇ ಅಳೆಯುವಂತಿದ್ದರೆ ಹೇಗೆ?

ಹೀಗೆಂದು ಮೊದಲು ಯೋಚಿಸಿದವರು ನನಗಿಂತ ಬಹಳ ಓದಿದವರು. ನಾನು ಬರೀ ಸಿಸ್ಟರ್, ಇಪ್ಪತ್ತೆಂಟು ವರ್ಷ ಮನೋರೋಗದ ವಾರ್ಡಿನಲ್ಲಿ ದುಡಿದವಳು. ವಾರ್ಡಿಗೆ ಬರುತ್ತಿದ್ದ ಹರೆಯದ ಮಕ್ಕಳ ತಂದೆತಾಯಿಯರು ಬಾಗಿಲಲ್ಲಿ ನಿಂತು ಹೇಳುತ್ತಿದ್ದುದು ಒಂದೇ ಮಾತು: "ನಿನ್ನೀ ತನಕಾ ಛಲೋ ಇದ್ಲರೀ ಸಿಸ್ಟರ್." ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಬೆಳಿಗ್ಗೆ ಯಾರೂ ಕುಸಿಯುವುದಿಲ್ಲ. ತಿಂಗಳಿನಿಂದ ಜಾರುತ್ತಲೇ ಇರುತ್ತಾರೆ, ನೋಡುವ ಕಣ್ಣು ಮನೆಯಲ್ಲಿ ಇರುವುದಿಲ್ಲ. ಈ ಮಾತನ್ನು ಎಷ್ಟು ತಾಯಂದಿರ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಕೊನೆಗೆ ನಾನೂ ಅದೇ ಬಾಗಿಲಲ್ಲಿ ನಿಲ್ಲಬೇಕಾಯಿತು.

ಲಯಪಟ್ಟಿ ಎಂಬುದು ಎರಡು ಬೆರಳು ಅಗಲದ ರಬ್ಬರ್ ಪಟ್ಟಿ. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರು ಇಷ್ಟವಿದ್ದರೆ ಕೈಗೆ ಕಟ್ಟಿಕೊಳ್ಳಬಹುದು, ಬಲವಂತವಿಲ್ಲ. ಅದು ಮಾತು ಕದ್ದು ಕೇಳುವುದಿಲ್ಲ, ಫೋನಿನೊಳಗೆ ಇಣುಕುವುದಿಲ್ಲ. ನಾಡಿ, ನಿದ್ದೆ, ನಡಿಗೆ ಈ ಮೂರನ್ನು ಮಾತ್ರ ಬರೆದಿಡುತ್ತದೆ. ಗಟ್ಟಿ ಮನಸ್ಸಿನ ನಾಡಿ ದಿನವಿಡೀ ಏರಿಳಿಯುತ್ತಿರುತ್ತದೆ. ಬಸ್ಸು ತಪ್ಪಿದರೆ ಏರುತ್ತದೆ, ಗೆಳತಿ ಕಂಡರೆ ಕುಣಿಯುತ್ತದೆ, ಊಟವಾದ ಮೇಲೆ ಒರಗುತ್ತದೆ. ಮನಸ್ಸು ಜಾರತೊಡಗಿದಾಗ ಮೊದಲು ನಿಲ್ಲುವುದು ಈ ಆಟ. ನಗು ಹೋಗುವ ಮುಂಚೆಯೇ, ಹಸಿವು ಹೋಗುವ ಮುಂಚೆಯೇ, ನಾಡಿ ಯಾವುದಕ್ಕೂ ಮಿಸುಕದಂತಾಗುತ್ತದೆ. ಬೆಳಿಗ್ಗೆ ಎಚ್ಚರವಾಗುವ ಹೊತ್ತು ದಿನಕ್ಕೆ ಐದೈದು ನಿಮಿಷ ಬೇಗ ಬರತೊಡಗುತ್ತದೆ. ಹೆಜ್ಜೆ ಗಿಡ್ಡದಾಗುತ್ತದೆ. ಈ ಮೂರನ್ನೂ ಕೂಡಿಸಿ ಯಂತ್ರ ಒಂದು ಗೆರೆ ಎಳೆಯುತ್ತದೆ. ಮೇಲಿದ್ದರೆ ಹಸಿರು, ಇಳಿದರೆ ಹಳದಿ, ಇನ್ನೂ ಇಳಿದರೆ ಕೆಂಪು. ಹಳದಿಯಲ್ಲೇ ಕೈಹಿಡಿದರೆ ಮುಂದೆ ವಾರ್ಡಿನ ಮೆಟ್ಟಿಲು ಹತ್ತುವವರು ಬೆರಳೆಣಿಕೆಯಷ್ಟು ಮಾತ್ರ.

ಯಂತ್ರ ಮಾಡಿದವರು ಯಂತ್ರ ಮಾಡಿದರು, ನಿಯಮ ಮಾಡಿದವಳು ನಾನು. ಗದಗಿನ ನಮ್ಮ ಮುನ್ನೋಟ ಕೇಂದ್ರದ ದೊಡ್ಡ ಪರದೆಯ ಮೇಲೆ ಕಾಣುವುದು ಬರೀ ಸಂಖ್ಯೆಗಳು. ಗೆರೆ ಒಂಬತ್ತು ದಿನ ಬಿಡದೆ ಹಳದಿಯಲ್ಲಿದ್ದರೆ ಮಾತ್ರ ಹೆಸರು ತೆರೆಯಬಹುದು, ಅದೂ ಇಬ್ಬರು ಒಟ್ಟಿಗೆ ಬೆರಳಚ್ಚು ಕೊಟ್ಟರೆ. ಹೆಸರು ಕಾಲೇಜಿಗೆ ಹೋಗುವುದಿಲ್ಲ, ಒಬ್ಬ ಜೊತೆಗಾರ್ತಿಗೆ ಹೋಗುತ್ತದೆ. ಅವಳು ಸ್ಕೂಟರ್ ಹತ್ತಿ ಆ ಮನೆಗೆ ಹೋಗುತ್ತಾಳೆ. ಮೊದಲ ಭೇಟಿಯಲ್ಲಿ ಅವಳು ಪ್ರಶ್ನೆ ಕೇಳುವಂತಿಲ್ಲ. ಹುಡುಗಿ ಕಾಳು ಆರಿಸುತ್ತಿದ್ದರೆ ಮೊರದ ಆಚೆ ಬದಿಗೆ ಕೂತು ತಾನೂ ಆರಿಸಬೇಕು, ಹುಡುಗ ಸೈಕಲ್ ಒರೆಸುತ್ತಿದ್ದರೆ ಇನ್ನೊಂದು ಬಟ್ಟೆ ತೆಗೆದುಕೊಳ್ಳಬೇಕು. ಏನಾಯಿತು ಎಂದು ಕೇಳಿದರೆ ಏನಿಲ್ಲ ಎಂಬ ಉತ್ತರ ಬರುತ್ತದೆ, ಒಮ್ಮೆ ಏನಿಲ್ಲ ಎಂದವರು ಆ ಮಾತಿಗೇ ಕಟ್ಟುಬೀಳುತ್ತಾರೆ. ಮನೆಯವರೂ ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿರಬೇಕು. ಇನ್ನೊಂದು ನಿಯಮ: ಕೇಂದ್ರದ ಕೆಲಸಗಾರರಿಗೆ ತಮ್ಮ ರಕ್ತಸಂಬಂಧಿಯ ಹೆಸರು ತೆರೆಯುವುದಿಲ್ಲ. ತಾಯಿಯೇ ಜೊತೆಗಾರ್ತಿಯಾಗಿ ಎದುರು ಕೂತರೆ ಮಗಳು ಬಾಯಿ ಬಿಡುವುದಿಲ್ಲ ಎಂಬುದು ವಾರ್ಡಿನಲ್ಲಿ ಕಲಿತ ಪಾಠ.

ಇಷ್ಟೆಲ್ಲ ಜಾಣತನದ ನಡುವೆ ನಾನು ಒಂದು ದಡ್ಡತನವನ್ನೂ ಮಾಡಿದೆ. ಜನರಿಗೆ ಪಟ್ಟಿಯ ಮೇಲೆ ಪ್ರೀತಿ ಬರಲೆಂದು, ಮುನ್ನೂರು ದಿನ ಹಸಿರಿನಲ್ಲಿದ್ದವರ ಮನೆಗೆ 'ಹಸಿರು ಮನೆ' ಎಂಬ ಪ್ರಮಾಣಪತ್ರ ಕಳಿಸುವ ಏರ್ಪಾಡು ನನ್ನದೇ. ನನ್ನ ಮನೆಗೂ ಬಂತು. ಕಾಗದ ಸಾಲದೆಂದು ಗಂಡನಿಂದ ಸಾಗವಾನಿ ಹಲಗೆಯ ಮೇಲೆ ಅಕ್ಷರ ಕೊರೆಸಿ, ಅಡುಗೆಮನೆಯ ಬಾಗಿಲ ಪಕ್ಕ, ಬಂದವರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿಸಿದೆ. ಗಂಡ ಮೌನೇಶ ಬಡಿಗ. ಹೆಸರಿಗೆ ತಕ್ಕ ಮನುಷ್ಯ, ಯಾಕೆ ಎಂದು ಕೇಳಲಿಲ್ಲ, ಕೊರೆದುಕೊಟ್ಟರು.

ಮಗಳು ಇಂಪನಾ ಇಪ್ಪತ್ತರವಳು, ಬಿ.ಎಸ್ಸಿ. ಕೊನೆಯ ವರ್ಷ. ಓಣಿಗೆಲ್ಲ ನಗುವಿನ ಹುಡುಗಿ. ನಾನು ಫೋನಿನಲ್ಲಿ ಮಾತಾಡುವುದನ್ನು ಅವಳು ಅಣಕಿಸಿದರೆ ಬಾಗಿಲಾಚೆ ಇರುವವರಿಗೆ ನಾನೇ ಎನ್ನಿಸಬೇಕು. ಗೆಳತಿಯರಿಗೆ ಜಗಳವಾದರೆ ಇವಳ ಹತ್ತಿರ, ಅಳು ಬಂದರೆ ಇವಳ ಹತ್ತಿರ.

ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಎದುರಿಗೆ ಕೂತಿದ್ದಳು. ಕಾಗೆ ಕೂಡ ನೆರಳು ಹುಡುಕುವಂಥ ಬಿಸಿಲು, ಅವಳು ಮಾತ್ರ ಮುಂಗೈವರೆಗೆ ತೋಳಿನ ಅಂಗಿ ತೊಟ್ಟಿದ್ದಳು.

"ಈ ಸೆಕಿಯೊಳಗ ಇದೇನ ಅಂಗಿ ಹಾಕ್ಕೊಂಡಿಯವಾ?" ಎಂದೆ.

"ಫ್ಯಾಶನ್, ಅವ್ವಾ. ನಿಮ್ಮ ಕಾಲದಾಗ ಇರಲಿಲ್ಲ."

"ನಮ್ಮ ಕಾಲದಾಗ ಬುದ್ಧಿ ಇತ್ತು."

ನಕ್ಕಳು. ಸ್ವಲ್ಪ ಹೊತ್ತು ರೊಟ್ಟಿಯ ಚೂರನ್ನು ಬೆರಳಲ್ಲಿ ಆಡಿಸಿ ಕೇಳಿದಳು: "ಅವ್ವಾ, ಹಳದಿ ಬಂದವರಿಗೆ ತಾವ ಹಳದಿ ಅಂತ ಗೊತ್ತಾಗತೈತೇನ?"

ನನಗೆ ಪಾಠ ಹೇಳುವ ಹುಚ್ಚು. "ಗೊತ್ತಾಗಂಗಿಲ್ಲ. ಸುಮ್ಮ ದಣಿವು ಅನ್ಕೋತಾರ. ಅದಕ್ಕ ನಾವ ಇರೋದು," ಎಂದು ಶುರುಮಾಡಿ ನಾಡಿ, ನಿದ್ದೆ ಎಲ್ಲ ವಿವರಿಸಿದೆ. ಕೊನೆಗೆ ಬಾಗಿಲ ಪಕ್ಕದ ಹಲಗೆ ನೋಡಿ ಹೇಳಿದೆ: "ಪುಣ್ಯಾ ಮಾಡೇನಿ ನೋಡ, ನಮ್ಮನ್ಯಾಗ ಆ ಕಾಟ ಇಲ್ಲ."

"ಹೌದವ್ವಾ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ನಾನು ಅದನ್ನು ನೋಡಿದೆ, ಆದರೂ ನೋಡಲಿಲ್ಲ.

ಮರುದಿನ ಕೇಂದ್ರಕ್ಕೆ ಹೋದಾಗ ಇರ್ಫಾನ್ ನದಾಫ ಪರದೆಯ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಇರ್ಫಾನ್ ನಮ್ಮ ಎಂಜಿನಿಯರ್. ಯಂತ್ರ ಕೆಮ್ಮಿದರೂ ಅವನಿಗೆ ಗೊತ್ತಾಗುತ್ತದೆ.

"ಸಿಸ್ಟರ್, ಇಲ್ಲಿ ಬರ್ರಿ. ನಾಕ ಸಂಖ್ಯೆ ಕೂಡೇ ಇಳ್ಯಾಕತ್ತಾವ. ಇವತ್ತಿಗೆ ನಾಕೂ ಒಂಬತ್ತನೇ ದಿನಾ."

"ನಾಕೂ ಒಂದ ದಿನಾ ಹಳದಿಗೆ ಬಂದಾವೇನ?"

"ಹೂಂ. ಒಂದ ಕ್ಲಾಸಿನ ಹುಡುಗ್ರು ಇರಬೇಕ್ರಿ. ಪರೀಕ್ಷಾ ಹತ್ರ ಬಂತು, ಒಬ್ರ ಹೆದರಿಕಿ ಇನ್ನೊಬ್ರಿಗೆ ಹತ್ತೇತಿ."

ಯಂತ್ರ ಒಬ್ಬರ ಗೆರೆಯನ್ನು ಅವರದೇ ಹಳೆಯ ಗೆರೆಯ ಜೊತೆ ಹೋಲಿಸುತ್ತದೆಯೇ ಹೊರತು ಇನ್ನೊಬ್ಬರ ಗೆರೆಯ ಜೊತೆಗಲ್ಲ. ಯಾರನ್ನೂ ಯಾರಿಗೂ ಹೋಲಿಸಬಾರದು ಎಂಬುದೂ ನನ್ನದೇ ಹಟವಾಗಿತ್ತು. ಹೆದರಿಕೆ ಹತ್ತಬಹುದು, ಅದು ಸರಿ. ಆದರೆ ಹೆದರಿಕೆ ನಾಲ್ವರಿಗೂ ಒಂದೇ ಅಳತೆಯಲ್ಲಿ ಹತ್ತುವುದನ್ನು ನಾನು ಕಂಡಿಲ್ಲ. ಒಬ್ಬರಿಗೆ ನಿದ್ದೆ ಹೋಗುತ್ತದೆ, ಇನ್ನೊಬ್ಬರು ಎರಡು ಹೊತ್ತಿನದು ಒಂದೇ ಹೊತ್ತಿಗೆ ತಿಂದು ಮಲಗುತ್ತಾರೆ.

"ಬಟರ್ ಪೇಪರ್ ಮ್ಯಾಲೆ ತಗದ ಕೊಡ. ಬ್ಯಾರೆ ಬ್ಯಾರೆ ಹಾಳಿ," ಎಂದೆ.

"ಗ್ವಾಡಿ ತುಂಬ ಪರದೆ ಐತಿ, ನಿಮಗಿನ್ನೂ ಕಾಗದಾ ಬೇಕ್ರಿ," ಎಂದು ಗೊಣಗುತ್ತಲೇ ತೆಗೆದುಕೊಟ್ಟ.

ನಾಲ್ಕು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬಿಸಿಲು ಹಾಯ್ದು ಗೆರೆ ಕಂಡಿತು. ನಾಲ್ಕು ಗೆರೆ ಅಲ್ಲ, ಒಂದೇ. ಎಲ್ಲಿ ಏರಬೇಕೋ ಅಲ್ಲೇ ಏರಿತ್ತು, ಎಲ್ಲಿ ಇಳಿಯಬೇಕೋ ಅಲ್ಲೇ ಇಳಿದಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ನನಗೆ ವಾರ್ಡಿನ ಕಳ್ಳಾಟ ನೆನಪಾಯಿತು. ಹೊಸದಾಗಿ ಬಂದ ನರ್ಸ್ ಹುಡುಗಿಯರು ಹತ್ತು ಮಂದಿಯ ಜ್ವರ ನೋಡಲು ಬೇಸರಪಟ್ಟು ಮೊದಲ ಮಂಚದವರದು ನೋಡಿ ಅದನ್ನೇ ಹತ್ತೂ ಚಾರ್ಟಿಗೆ ಬರೆದುಬಿಡುತ್ತಿದ್ದರು. ಚಾರ್ಟುಗಳನ್ನು ಬೆಳಕಿಗೆ ಹಿಡಿದು ಅವರ ಕಳ್ಳತನ ಹಿಡಿಯುವುದರಲ್ಲಿ ನಾನು ಪಳಗಿದ್ದೆ.

"ಇರ್ಫಾನ್, ಇವು ನಾಕ ಮಂದಿ ಅಲ್ಲ. ಒಬ್ಬರ. ಯಾರೋ ಒಬ್ಬರು ನಾಕೂ ಪಟ್ಟಿ ಕಟ್ಟಿಕೊಂಡಾರ."

ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ಆಮೇಲೆ ನಕ್ಕುಬಿಟ್ಟ. "ಪ್ರಾಕ್ಸಿರಿ ಸಿಸ್ಟರ್! ನಾನ ಕಾಲೇಜಿನಾಗ ಆರ ಮಂದಿ ಹಾಜರಿ ಹೇಳ್ತಿದ್ದೆ, ಆರ ಧ್ವನಿಯೊಳಗ."

ಪಟ್ಟಿಗೆ ಒಂದು ನಾಡಿ ಬೇಕು, ಯಾರ ನಾಡಿ ಎಂದು ಅದು ಕೇಳುವುದಿಲ್ಲ. ಅಷ್ಟು ಓದಿದವರು ಮಾಡಿದ ಯಂತ್ರಕ್ಕೆ ನಮ್ಮೂರ ಮಕ್ಕಳ ಪ್ರಾಕ್ಸಿ ವಿದ್ಯೆ ಗೊತ್ತಿರಲಿಲ್ಲ. ತಮ್ಮ ಪಟ್ಟಿ ಹಳದಿಯಾದರೆ ಮನೆ ಮುಂದೆ ಕೇಂದ್ರದ ಸ್ಕೂಟರ್ ನಿಲ್ಲುತ್ತದೆ, ಓಣಿಯವರು ನೋಡುತ್ತಾರೆ, ಬಿಚ್ಚಿಟ್ಟರೆ 'ಹಸಿರು ಮನೆ'ಯ ಪತ್ರ ತಪ್ಪುತ್ತದೆ ಎಂದು ಹೆದರಿದವರು ಮೂವರು. ಸದಾ ಹಸಿರಾಗಿರುವ ಒಬ್ಬರಿಗೆ ಪಟ್ಟಿ ಒಪ್ಪಿಸಿ ನಿಶ್ಚಿಂತರಾಗಿದ್ದಾರೆ. ಈಗ ಆ ಹಸಿರೇ ಇಳಿಯುತ್ತಿದೆ. ನಗುವುದು ಮರೆತುಹೋಯಿತು. ಆ ಒಬ್ಬರು ಯಾರು ಎಂದು ಇವತ್ತೇ ತಿಳಿಯಬೇಕಿತ್ತು.

ಇಬ್ಬರೂ ಬೆರಳಿಟ್ಟೆವು. ಮೊದಲ ಹೆಸರು ತೆರೆಯಿತು: ಅಕ್ಷತಾ ಹಡಪದ. ಎರಡನೆಯದು: ಪೂರ್ಣಿಮಾ ಕುಂದಗೋಳ. ಮೂರನೆಯದು: ರುಬೀನಾ ಮುಲ್ಲಾ. ಮೂವರೂ ನನ್ನ ಕೈಯ ರೊಟ್ಟಿ ತಿಂದವರು. ಇಂಪನಾಳ ಜೊತೆ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನನ್ನೇ ಗೇಲಿಮಾಡಿದವರು.

ನಾಲ್ಕನೆಯ ಸಂಖ್ಯೆಗೆ ಬೆರಳಿಟ್ಟೆ. ಪರದೆಯ ಮೇಲೆ ಬಂತು: 'ಈ ಹೆಸರು ನಿಮಗೆ ತೆರೆಯುವುದಿಲ್ಲ.'

ಬೆರಳು ಒದ್ದೆಯಿರಬೇಕೆಂದು ಸೀರೆಗೆ ಒರೆಸಿಕೊಂಡು ಮತ್ತೆ ಇಟ್ಟೆ. ಅದೇ ಬಂತು. ಆ ವಾಕ್ಯ ಬರೆದವಳು ನಾನೇ. ಯಾರಿಗೆ, ಯಾವಾಗ ಅದು ಕಾಣುತ್ತದೆ ಎಂದು ಗೊತ್ತಿದ್ದವಳೂ ನಾನೇ. ಇರ್ಫಾನ್ ಕುರ್ಚಿ ತಂದು ನನ್ನ ಹಿಂದೆ ಇಟ್ಟ.

ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ. ಇಂಪನಾ ಪಟ್ಟಿ ಬಿಚ್ಚಿಕೊಟ್ಟವಳಾಗಿರಲಿ, ಕಟ್ಟಿಕೊಂಡವಳು ಆ ಮೂವರಲ್ಲಿ ಒಬ್ಬಳಾಗಿರಲಿ ಎಂದುಕೊಂಡೆ. ರುಬೀನಾ ಆಗಿರಲಿ, ಅವಳು ಮೊದಲೇ ಮಾತು ಕಡಿಮೆಯವಳು ಎಂದೂ ಅಂದುಕೊಂಡೆ. ಇನ್ನೊಬ್ಬರ ಮಗಳ ತಲೆಯ ಮೇಲೆ ಕಷ್ಟ ಬೀಳಲಿ ಎಂದು ಬೇಡಿದ ಸಿಸ್ಟರ್ ನಾನು. ಇಪ್ಪತ್ತೆಂಟು ವರ್ಷದ ಸೇವೆ ಅರ್ಧ ನಿಮಿಷದಲ್ಲಿ ನೀರಾಯಿತು.

"ಹಳೇ ಗೆರಿ ತಗಿ," ಎಂದೆ. "ಆರ ತಿಂಗಳದು. ನಾಕೂ."

ಅವನಿಗೆ ಅರ್ಥವಾಯಿತು. ಬಿಚ್ಚಿಕೊಟ್ಟವರ ಗೆರೆ ಕೊಟ್ಟ ದಿನ ತುಂಡಾಗಿ ಬೇರೆಯವರ ಗೆರೆ ಶುರುವಾಗಿರುತ್ತದೆ, ಕಟ್ಟಿಕೊಂಡವರ ಗೆರೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ಅಕ್ಷತಾಳದು ಜನವರಿ ಹದಿನೇಳಕ್ಕೆ ಜಿಗಿದಿತ್ತು. ಪೂರ್ಣಿಮಾಳದೂ ಅದೇ ದಿನ. ರುಬೀನಾಳದು ಎರಡು ದಿನ ತಡವಾಗಿ. ನಾಲ್ಕನೆಯ ಹಾಳೆಯನ್ನು ಗಾಜಿಗೆ ಹಿಡಿದೆ. ಅದರಲ್ಲಿ ಎಲ್ಲೂ ತುಂಡಿರಲಿಲ್ಲ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಒಂದೇ ಗೆರೆ, ಫೆಬ್ರವರಿಯಿಂದ ಮೆಲ್ಲಗೆ ಕೆಳಗಿಳಿಯುತ್ತಾ ಬಂದಿತ್ತು.

ನನ್ನ ಮಗಳು ಎರಡು ತಿಂಗಳಿನಿಂದ ನನ್ನ ಎದುರಿಗೇ ಜಾರುತ್ತಿದ್ದಳು.

ಶಾಂಭವಿ ಹೂಗಾರಳನ್ನು ಕರೆಸಿದೆ. ಜೊತೆಗಾರ್ತಿಯರಲ್ಲಿ ಅತಿ ಚಿಕ್ಕವಳು, ಅತಿ ಹೆಚ್ಚು ನನ್ನಿಂದ ಬೈಸಿಕೊಂಡವಳು. ಮಾತು ಜಾಸ್ತಿ, ಹೋದ ಮನೆಯಲ್ಲೆಲ್ಲ ಊಟಕ್ಕೆ ಕೂರುತ್ತಾಳೆ ಎಂದು ನನ್ನ ತಕರಾರು. ಇರ್ಫಾನನ ಬೆರಳು, ಅವಳ ಬೆರಳು ಸೇರಿ ನಾಲ್ಕನೆಯ ಹೆಸರು ತೆರೆದದ್ದು ನನಗೆ ಬೆನ್ನು ತಿರುಗಿಸಿ. ನಾನು ಬ್ಯಾಗು ಎತ್ತಿಕೊಂಡು ಹೊರಟೆ.

"ಎಲ್ಲಿಗ್ರಿ ಸಿಸ್ಟರ್?" ಎಂದಳು ಶಾಂಭವಿ.

"ಮನೀಗೆ."

"ಬ್ಯಾಡ್ರಿ. ನಾ ಹೋಗಿ ಬರೋ ತನಕಾ ನೀವ ಮನೀಗೆ ಹೋಗಂಗಿಲ್ಲ. ಮತ್ತ ಒಂಬತ್ತ ದಿನಾ ಏನೂ ಕೇಳಂಗಿಲ್ಲ. ನಿಯಮಾ ನಿಮ್ದರಿ," ಎಂದಳು.

ಬೈಯಲು ಬಾಯಿ ತೆರೆದೆ. ಆಮೇಲೆ ಅವಳ ಸ್ಕೂಟರಿನ ಕೀಲಿ ತೆಗೆದುಕೊಟ್ಟೆ.

ಮನೆಗೆ ಹೋಗುವಂತಿಲ್ಲ ಎಂದರೆ ನನಗೆ ಇದ್ದದ್ದು ಗಂಡನ ಕಾರ್ಖಾನೆ ಒಂದೇ. ಬೆಟಗೇರಿಯ ಅಂಚಿನಲ್ಲಿ ತಗಡಿನ ಛಾವಣಿ, ಒಳಗೆ ಕಟ್ಟಿಗೆಯ ವಾಸನೆ. ಮೌನೇಶ ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಿಡಿಯುತ್ತಿದ್ದರು. ನಾನು ಹಗಲು ಹೊತ್ತಿನಲ್ಲಿ ಅಲ್ಲಿಗೆ ಕಾಲಿಟ್ಟದ್ದು ಕಂಡು ಕೈ ನಿಲ್ಲಿಸಿದರು. ನಿಂತಲ್ಲೇ ಎಲ್ಲ ಹೇಳಿದೆ, ಹೇಳುತ್ತ ಅತ್ತೆ. ಅವರು ಗಾಬರಿಯಾಗಲಿಲ್ಲ, ಅದೇ ನನಗೆ ಆಶ್ಚರ್ಯ.

"ನಿಮಗ ಗೊತ್ತಿತ್ತೇನ?"

"ಇದೆಲ್ಲಾ ಗೊತ್ತಿರಲಿಲ್ಲ. ಆದ್ರ ತಿಂಗಳಾತು, ಬೆಳಿಗ್ಗೆ ಐದಕ್ಕ ನನ್ನ ಕೂಡ ಇಲ್ಲಿ ಬರ್ತಾಳ. ನಿದ್ದಿ ಬರವಲ್ದಪ್ಪಾ ಅಂದ್ಲು. ಆ ಮೂಲ್ಯಾಗ ಕುಂದರ್ತಾಳ. ನಾ ಕಟಗಿ ಉಜ್ಜತೇನಿ, ಅಕಿ ಹೆರದ ಸಿಪ್ಪಿ ಆರಸ್ತಾಳ."

ಬೆಳಿಗ್ಗೆ ಐದಕ್ಕೆ ನಾನು ಗಾಢ ನಿದ್ದೆಯಲ್ಲಿರುವವಳು. ಅವಳು ವಾಕಿಂಗ್ ಹೋಗುತ್ತಾಳೆ ಎಂದೇ ನಂಬಿದ್ದೆ. "ನಂಗ ಯಾಕ ಹೇಳ್ಲಿಲ್ರೀ?"

ಮೌನೇಶ ಉಜ್ಜುಗೊರಡನ್ನು ಕೆಳಗಿಟ್ಟರು. "ಹೇಳಿದ್ರ ನೀ ಚಾರ್ಟ ತಗೊಂಡ ಕುಂದರ್ತಿದ್ದಿ. ಸುಮ್ಮ ಕುಂದ್ರಾಕ ಬಂದಿದ್ಲು, ಸುಮ್ಮ ಕುಂದ್ರಾಕ ಬಿಟ್ಟೆ."

ಯಾವ ತರಬೇತಿಯೂ ಇಲ್ಲದೆ ಈ ಮನುಷ್ಯ ಒಂದು ತಿಂಗಳಿನಿಂದ ನನ್ನ ನಿಯಮ ಪಾಲಿಸಿದ್ದರು. ನನ್ನ ಮಗಳು ಹಳದಿಯಲ್ಲೇ ನಿಂತಿದ್ದಳು, ಕೆಂಪಿಗೆ ಇಳಿದಿರಲಿಲ್ಲ ಎಂದರೆ ಅದಕ್ಕೆ ಕಾರಣ ಈ ಕಟ್ಟಿಗೆಯ ಸಿಪ್ಪೆಯೇ ಇರಬೇಕು. ಹಾಗೆಂದು ಬರೀ ಅಷ್ಟರಲ್ಲೇ ಬಿಟ್ಟಿದ್ದರೆ ಸಾಲುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಜ್ವರಕ್ಕೆ ತಣ್ಣೀರುಪಟ್ಟಿ ಒಳ್ಳೆಯದೇ, ಔಷಧ ಔಷಧವೇ.

ಎರಡು ತಾಸಿನ ಮೇಲೆ ಶಾಂಭವಿ ಕಾರ್ಖಾನೆಗೇ ಬಂದಳು. ಸೀರೆಯ ಅರ್ಧ ಒದ್ದೆ.

"ಚಾದರಾ ಒಗ್ಯಾಕತ್ತಿದ್ಲು ರೀ. ನಾ ಒಂದ ತುದಿ ಹಿಡದೆ. ಹಿಂಡಿದ್ವಿ, ಒಣಗ ಹಾಕಿದ್ವಿ. ಒಂದ, ಎರಡ, ಮೂರ. ಅಕೀನೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ."

"ನೀನ? ಮಾತಾಡ್ಲಿಲ್ಲ?"

"ಭಾಳ ತ್ರಾಸ ಆತ್ರಿ," ಎಂದಳು ಶಾಂಭವಿ. ಆಮೇಲೆ ಅವಳ ಮುಖ ಗಂಭೀರವಾಯಿತು. "ಐದನೇ ಚಾದರಕ್ಕ ತೋಳು ತೋಯ್ದು ಅಂಟಿದ್ವು. ಅಕಿ ತಾನ ಏರಿಸಿದ್ಲು. ಈ ಕೈಗೆ ಎರಡ, ಆ ಕೈಗೆ ಎರಡ. ನಾ ನೋಡಿದ್ದು ಅಕಿ ನೋಡಿದ್ಲು. ಆವಾಗ ಅಂದ್ಲು, 'ಅಕ್ಕಾ, ಇವನ್ನ ಬಿಚ್ಚತೀರೇನ? ಭಾಳ ಭಾರ ಆಗ್ಯಾವ.'"

ನಾಲ್ಕು ಪಟ್ಟಿಗಳ ತೂಕ ಸೇರಿಸಿದರೂ ಒಂದು ಮುಷ್ಟಿ ಶೇಂಗಾದಷ್ಟಾಗುವುದಿಲ್ಲ. ಮೌನೇಶ ಮುಖ ತಿರುಗಿಸಿಕೊಂಡು ಕಣ್ಣಿಗೆ ಕಟ್ಟಿಗೆಯ ಪುಡಿ ಹೋಯಿತೆಂದರು.

"ಬಿಚ್ಚಿದೆ," ಎಂದಳು ಶಾಂಭವಿ. "ಅಕಿದೊಂದ ಮತ್ತ ಅಕಿ ಕೈಗೆ ಕಟ್ಟೇನಿ. ಊಟಾನೂ ಮಾಡಿ ಬಂದೆ. ಬೈಬ್ಯಾಡ್ರಿ, ಅಕೀನೂ ನನ್ನ ಕೂಡ ಉಂಡ್ಲು."

ಇನ್ನು ಮುಂದೆ ಯಾರ ಮನೆಯಲ್ಲೂ ಊಟಕ್ಕೆ ಕೂತರೆ ನಾನು ಬೈಯುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟೆ.

ಆ ಒಂಬತ್ತು ದಿನ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ನೂರಾರು ತಾಯಂದಿರಿಗೆ "ಬಾಯಿ ಮುಚ್ಚಿಕೊಂಡಿರ್ರಿ, ಅದೇನ ಕಷ್ಟದ್ದಲ್ಲ" ಎಂದು ಹೇಳಿ ಬಂದವಳಿಗೆ ಅದು ಎಂಥ ಕಷ್ಟವೆಂದು ತಿಳಿಯಿತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗೆಲ್ಲ ಒಂದು ಲೋಟ ನೀರು ಕುಡಿದೆ. ಬಾಯಿಯಲ್ಲಿ ನೀರಿದ್ದರೆ ಮಾತು ಬರುವುದಿಲ್ಲ. ಮೂರನೆಯ ದಿನ ಇಂಪನಾ, "ಅವ್ವಾ, ನಿನಗ ಸಕ್ಕರಿ ಕಾಯಿಲೆ ಬಂದೈತೇನ?" ಎಂದು ಕೇಳಿದಳು. ತಲೆ ಅಲ್ಲಾಡಿಸಿ ಇನ್ನೊಂದು ಲೋಟ ಕುಡಿದೆ.

ಶಾಂಭವಿ ದಿನ ಬಿಟ್ಟು ದಿನ ಬಂದಳು. ಹತ್ತನೆಯ ದಿನ ಇಂಪನಾಳೇ ಒಪ್ಪಿ ಅವಳ ಜೊತೆ ಡಾಕ್ಟರ ಹತ್ತಿರ ಹೋದಳು. ಸಣ್ಣ ಪ್ರಮಾಣದ ಒಂದು ಗುಳಿಗೆ, ಮಲಗುವುದಕ್ಕೂ ಏಳುವುದಕ್ಕೂ ಕಟ್ಟುನಿಟ್ಟಾದ ಹೊತ್ತು, ಬೆಳಗಿನ ಬಿಸಿಲು, ವಾರಕ್ಕೆರಡು ಸಲ ಮಾತುಕತೆ. ಇಷ್ಟೇ. ಬೇಗ ಹಿಡಿದ ಕಾಯಿಲೆಗೆ ದೊಡ್ಡ ಔಷಧ ಬೇಕಿಲ್ಲ. ಪರೀಕ್ಷೆಗೂ ಕೂತಳು, ಒಂದು ವಿಷಯ ಮುಂದಕ್ಕೆ ಹಾಕಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೂವರು ಗೆಳತಿಯರು ಬಂದು ತಮ್ಮ ತಮ್ಮ ಪಟ್ಟಿ ತೆಗೆದುಕೊಂಡು ಹೋದರು. ಅಳುತ್ತ ಬಂದರು, ಉಂಡು ಹೋದರು. ಸ್ವಂತ ಕೈಗೆ ಕಟ್ಟಿದ ಮೇಲೆ ಅಕ್ಷತಾ, ಪೂರ್ಣಿಮಾ ಇಬ್ಬರದೂ ಹಸಿರೇ ಬಂತು. ರುಬೀನಾಳದು ಹಳದಿ. ಜನವರಿಯಿಂದ ಹಾಗೇ ಇದ್ದಳೋ ಏನೋ, ನನ್ನ ಮಗಳ ಹಸಿರು ಅವಳನ್ನು ಮರೆಮಾಡಿತ್ತು. ಅವಳ ಜೊತೆಗಾರ್ತಿ ನಾನೇ ಆದೆ. ಅವಳ ಮನೆಯಲ್ಲಿ ಮೊದಲ ದಿನ ಒಂದು ಮೊರ ತೊಗರಿ ಆರಿಸಿದೆ. ಆ ಮಗುವಿನ ಮುಖ ನೋಡಿದಾಗ, ಕಿಟಕಿಯ ಹತ್ತಿರ ನಾನು ಬೇಡಿದ್ದು ನೆನಪಾಗಿ ನಾಚಿಕೆಯಾಯಿತು. ಅವಳೂ ಈಗ ಚೆನ್ನಾಗಿದ್ದಾಳೆ.

ಕೇಂದ್ರದಲ್ಲೂ ಕೆಲವು ಬದಲಾವಣೆ ಮಾಡಿದೆವು. ಸ್ಕೂಟರುಗಳ ಮೇಲಿನ ಕೇಂದ್ರದ ಹೆಸರು ಅಳಿಸಿದೆವು, ಈಗ ಓಣಿಯವರಿಗೆ ಯಾರೋ ನೆಂಟರು ಬಂದ ಹಾಗೆ. ಒಂದೇ ನಾಡಿ ಎರಡು ಪಟ್ಟಿಯಲ್ಲಿ ಕಂಡರೆ ಯಂತ್ರ ಹೇಳುವ ಹಾಗೆ ಇರ್ಫಾನ್ ಏನೋ ಮಾಡಿದ. ಹಳದಿಯವರ ಹೆಸರು ಬಚ್ಚಿಟ್ಟು ಹಸಿರಿನವರದನ್ನು ಊರಿಗೆ ಸಾರುವ ಆ ಪ್ರಮಾಣಪತ್ರವನ್ನೂ ನಿಲ್ಲಿಸಿದೆವು. ನನ್ನ ಮನೆಯ ಹಲಗೆ ಮಾತ್ರ ಇದ್ದಲ್ಲೇ ಇತ್ತು. ನಿಜ ಹೇಳಬೇಕೆಂದರೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಜೂನ್ ಹೊತ್ತಿಗೆ ಗೆರೆ ಏರಿದೆ ಎಂದು ಶಾಂಭವಿ ಹೇಳಿದಳು. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ತೋಳಿಲ್ಲದ ಅಂಗಿ ತೊಟ್ಟು ಮಗಳು ಎದುರಿಗೆ ಓಡಾಡುತ್ತಿದ್ದಳು, ಒಮ್ಮೊಮ್ಮೆ ರೇಗುತ್ತಿದ್ದಳು, ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ಸರಿಸುತ್ತಿದ್ದಳು. ಆ ಸಿಟ್ಟು ಕಂಡು ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಬೇಕೆಂದೇ ಒಂದೆರಡು ಸಲ ಉಪ್ಪು ಜಾಸ್ತಿ ಹಾಕಿದ್ದೇನೆ.

ಕಾರಹುಣ್ಣಿಮೆಯ ಮಾರನೆಯ ದಿನ ಅಡುಗೆಮನೆಯಲ್ಲಿ ಕೂತು ಇಬ್ಬರೂ ಹೆಸರುಕಾಳು ಆರಿಸುತ್ತಿದ್ದೆವು. ಒಂಬತ್ತು ದಿನ ಎಂದೋ ಮುಗಿದಿತ್ತು, ಕೇಳದಿರುವುದು ನನಗೆ ರೂಢಿಯಾಗಿ ಹೋಗಿತ್ತು.

"ಅವ್ವಾ, ಕೇಳಿಬಿಡು," ಎಂದಳು. "ಈಗ ನಡೀತೈತಿ."

ಎರಡು ತಿಂಗಳು ಕೂಡಿಟ್ಟ ಪ್ರಶ್ನೆಗಳು ಒಮ್ಮೆಲೇ ಗಂಟಲಿಗೆ ಬಂದವು. ಬಾಯಿಂದ ಹೊರಬಿದ್ದದ್ದು ಮಾತ್ರ, "ಹೊಟ್ಟಿ ಹಸದೈತೇನ?"

ಅವಳು ಮೊರ ಕೆಳಗಿಟ್ಟು ನಕ್ಕಳು. ಆ ನಗುವಿಗೆ ಧೈರ್ಯ ಬಂದು ನಿಜವಾದದ್ದನ್ನು ಕೇಳಿದೆ: "ನಂಗ ಯಾಕ ಹೇಳ್ಲಿಲ್ಲವಾ?"

"ಮೊದಲ ನಂಗೂ ಗೊತ್ತಾಗ್ಲಿಲ್ಲ. ಸುಮ್ಮ ದಣಿವು ಅನ್ಕೊಂಡೆ. ಆಮ್ಯಾಲೆ ಗೊತ್ತಾತು. ಅವರು ಮೂರೂ ಮಂದಿ ನಾ ಅಂದ್ರ ಹಸಿರು ಅಂತ ನಂಬಿದ್ರು. ನಾ ಇಳದ್ರ ನಾಕೂ ಇಳೀತಾವ ಅಂತ ಹೆದರಿಕಿ ಸುರು ಆತು. ಬೆಳಿಗ್ಗೆ ನಾಕಕ್ಕ ಎಚ್ಚರಾಗಿ ನಾಡಿ ಹಿಡಕೊಂಡ ಕುಂದರ್ತಿದ್ದೆ." ಒಂದು ಕಲ್ಲು ಸಿಕ್ಕಿತು, ಆರಿಸಿ ಬದಿಗಿಟ್ಟಳು. "ಮತ್ತ ನಿನಗ ಹ್ಯಾಂಗ ಹೇಳಲವ್ವಾ? ನಮ್ಮನ್ಯಾಗ ಹಳದಿ ಆಗಾಕ ಜಾಗಾನ ಇರಲಿಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಬಾಗಿಲ ಪಕ್ಕದ ಹಲಗೆಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

ನಾನು ಎದ್ದೆ. ಸ್ಟೂಲು ಹತ್ತಿ ಹಲಗೆಯನ್ನು ಕಿತ್ತೆ. ಧೂಳು ಕಣ್ಣಿಗೆ ಬಿತ್ತು. ಸಂಜೆ ಮೌನೇಶರ ಕೈಗೆ ಕೊಟ್ಟು ಹೇಳಿದೆ: "ಸಾಗವಾನಿ ಛಲೋ ಐತ್ರಿ. ಈ ಅಕ್ಷರಾ ಎಲ್ಲಾ ಉಜ್ಜಿ, ಕುಂದ್ರಾಕ ಒಂದ ಮಣಿ ಮಾಡ್ರಿ."

ಅವರು ಯಾಕೆ ಎಂದು ಕೇಳಲಿಲ್ಲ. ಮಾರನೆಯ ದಿನವೇ ಮಾಡಿ ತಂದರು, ನಾಲ್ಕು ಗಿಡ್ಡ ಕಾಲಿನ ಮಣೆ. ಒಲೆಯ ಎದುರು ಗೋಡೆಗೊರಗಿಸಿ ಇಟ್ಟಿದ್ದೇವೆ. ನಮ್ಮ ಮನೆಯಲ್ಲಿ ಯಾರಿಗೆ ಮನಸ್ಸು ಸರಿಯಿಲ್ಲವೋ ಅವರು ಬಂದು ಅದರ ಮೇಲೆ ಕೂರುತ್ತಾರೆ. ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಇಂಪನಾ ಕೂತಿದ್ದಾಳೆ, ಅವಳ ಗೆಳತಿಯರು ಕೂತಿದ್ದಾರೆ, ಒಂದು ದಿನ ಶಾಂಭವಿಯೂ ಬಂದು ಊಟಕ್ಕೆ ಮುಂಚೆ ಅರ್ಧ ತಾಸು ಕೂತಿದ್ದಳು.

ಮೊನ್ನೆ ಕೇಂದ್ರದಿಂದ ಬಂದವಳು ಚಪ್ಪಲಿ ಬಿಟ್ಟು, ಯಾಕೋ ಗೊತ್ತಿಲ್ಲ, ನಾನೇ ಹೋಗಿ ಅದರ ಮೇಲೆ ಕೂತೆ. ಇಂಪನಾ ನೋಡಿದಳು. ಏನೂ ಕೇಳಲಿಲ್ಲ. ಒಳಗಿನಿಂದ ಮೊರ ತಂದು, ಕಾಳು ಸುರುವಿ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.